ಟ್ರಸ್ಟ್ ಬರೆಸಿದರೆ ಸಾಲದು, ಆಸ್ತಿ ಅದರ ಹೆಸರಿಗೆ ಬರಬೇಕು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ತಮ್ಮ ಆಸ್ತಿಯನ್ನು ಮಕ್ಕಳಿಗೆ ದಾಟಿಸುವ ಬಗೆ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಓದಿದೆ. ರಿವೋಕಬಲ್ ಲಿವಿಂಗ್ ಟ್ರಸ್ಟ್, ಅಂದರೆ ಆಸ್ತಿಯನ್ನು ವಾರಸುದಾರರಿಗಾಗಿ ಹಿಡಿದಿಡುವ, ಬರೆಸಿದವರು ಬದುಕಿರುವವರೆಗೂ ತಿದ್ದಲು ಅಥವಾ ರದ್ದುಪಡಿಸಲು ಅವಕಾಶವಿರುವ ಟ್ರಸ್ಟ್ ಒಂದನ್ನು ಮಾಡಿಸಿಬಿಟ್ಟರೆ ಮಕ್ಕಳು ಕೋರ್ಟಿಗೆ ಅಲೆಯಬೇಕಾಗಿಲ್ಲ ಎಂಬ ಅದರ ಮಾತು ಅರ್ಧ ನಿಜ. ಉಳಿದರ್ಧವನ್ನು ಹೇಳದಿದ್ದರೆ ನಂಬಿದವರ ಮನೆಮಂದಿಗೆ ನಷ್ಟವಾಗುತ್ತದೆಂದು ಈ ಪತ್ರ ಬರೆಯುತ್ತಿದ್ದೇನೆ.

ಟ್ರಸ್ಟಿನ ಉಪಯೋಗದ ಬಗ್ಗೆ ನನ್ನ ತಕರಾರಿಲ್ಲ. ಉಯಿಲು ಬರೆದಿಟ್ಟವರ ಆಸ್ತಿಯೂ ಸಾಮಾನ್ಯವಾಗಿ ಪ್ರೊಬೇಟ್ ಕೋರ್ಟನ್ನು, ಅಂದರೆ ಉಯಿಲನ್ನು ಪರಿಶೀಲಿಸಿ ಆಸ್ತಿ ಹಂಚಿಕೆಗೆ ಒಪ್ಪಿಗೆ ಕೊಡುವ ಕೋರ್ಟನ್ನು, ಹಾದೇ ವಾರಸುದಾರರ ಕೈ ಸೇರಬೇಕು. ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ವಕೀಲರ ಶುಲ್ಕವನ್ನು ಕಾನೂನೇ ಗೊತ್ತುಮಾಡಿದೆ: ಮೊದಲ 1 ಲಕ್ಷ ಡಾಲರಿಗೆ ಶೇ 4, ನಂತರದ 1 ಲಕ್ಷಕ್ಕೆ ಶೇ 3, ಆಮೇಲಿನ 8 ಲಕ್ಷಕ್ಕೆ ಶೇ 2. ಹೀಗಾಗಿ 10 ಲಕ್ಷ ಡಾಲರ್ ಬೆಲೆಯ ಮನೆ ಪ್ರೊಬೇಟ್‌ಗೆ ಹೋದರೆ ವಕೀಲರಿಗೆ 23,000 ಡಾಲರ್ ಸಲ್ಲುತ್ತದೆ; ಉಯಿಲನ್ನು ಜಾರಿಗೆ ತರುವವರೂ ಅಷ್ಟೇ ಮೊತ್ತವನ್ನು ಕೇಳಬಹುದು. ಈ ಲೆಕ್ಕದಲ್ಲಿ ಮನೆಯ ಮೇಲಿನ ಸಾಲವನ್ನು ಕಳೆಯುವುದಿಲ್ಲ ಎಂಬುದು ಬಹಳ ಜನರ ಗಮನಕ್ಕೆ ಬಂದಿಲ್ಲ. ಇನ್ನು, ಪಾರ್ಶ್ವವಾಯುವೋ ಮರೆವಿನ ಕಾಯಿಲೆಯೋ ಬಂದು ಸ್ವತಃ ವ್ಯವಹಾರ ನೋಡಿಕೊಳ್ಳಲಾಗದ ಸ್ಥಿತಿ ಒದಗಿದರೆ, ಮುಂದಿನ ಟ್ರಸ್ಟಿಯೆಂದು, ಅಂದರೆ ನಿಮ್ಮ ಬದಲಿಗೆ ಟ್ರಸ್ಟಿನ ಆಸ್ತಿ ನೋಡಿಕೊಳ್ಳುವವರೆಂದು, ಹೆಸರಿಸಲ್ಪಟ್ಟವರು ಕೋರ್ಟಿನ ಅಪ್ಪಣೆಗೆ ಕಾಯದೆ ಟ್ರಸ್ಟಿನ ಹಣದಿಂದ ಮನೆಯ ಕಂತು ಕಟ್ಟಬಹುದು, ಆಸ್ಪತ್ರೆಯ ಬಿಲ್ಲು ತೀರಿಸಬಹುದು. ಪ್ರೊಬೇಟ್ ಖರ್ಚು ಉಳಿಯುವುದಕ್ಕಿಂತ ಇದೇ ದೊಡ್ಡ ಪ್ರಯೋಜನವೆಂದು ನನ್ನ ಅಭಿಪ್ರಾಯ.

ಆದರೆ ಇದೆಲ್ಲ ಅನ್ವಯಿಸುವುದು ಟ್ರಸ್ಟಿನ ಹೆಸರಿಗೆ ವರ್ಗವಾದ ಆಸ್ತಿಗೆ ಮಾತ್ರ. ಮನೆಗೆ ಹೊಸ ಡೀಡ್ (ಮಾಲೀಕತ್ವದ ಪತ್ರ) ಬರೆಸಿ ಕೌಂಟಿ (ಜಿಲ್ಲೆಯಂಥ ಆಡಳಿತ ವಿಭಾಗ) ಕಚೇರಿಯಲ್ಲಿ ನೋಂದಾಯಿಸಬೇಕು. ಬ್ಯಾಂಕ್ ಮತ್ತು ಷೇರು ಖಾತೆಗಳನ್ನು ಟ್ರಸ್ಟಿನ ಹೆಸರಿಗೆ ಬದಲಿಸಬೇಕು. ವಕೀಲರು ಕೊಟ್ಟ ದಪ್ಪ ಕಡತವನ್ನು ಸಹಿ ಮಾಡಿ ಬೀರುವಿನಲ್ಲಿಟ್ಟು ನಿಶ್ಚಿಂತರಾದವರನ್ನು ನಾನು ನಮ್ಮ ಸ್ನೇಹಿತರ ಬಳಗದಲ್ಲೇ ಕಂಡಿದ್ದೇನೆ. ಬಡ್ಡಿ ಇಳಿದಾಗ ಹಳೆಯ ಸಾಲ ತೀರಿಸಿ ಹೊಸ ಸಾಲ ಪಡೆಯುವವರು, ಅಂದರೆ ರೀಫೈನಾನ್ಸ್ ಮಾಡಿಸುವವರು, ವಿಶೇಷವಾಗಿ ಎಚ್ಚರದಿಂದಿರಬೇಕು: ಕೆಲವು ಸಾಲದಾತರು ಮನೆಯನ್ನು ಟ್ರಸ್ಟಿನಿಂದ ಬಿಡಿಸಿ ಸ್ವಂತ ಹೆಸರಿಗೆ ತರಲು ಹೇಳುತ್ತಾರೆ, ಸಾಲ ಮಂಜೂರಾದ ಮೇಲೆ ಅದನ್ನು ಮರಳಿ ಟ್ರಸ್ಟಿಗೆ ಸೇರಿಸುವಂತೆ ನೆನಪಿಸುವವರು ಯಾರೂ ಇರುವುದಿಲ್ಲ. ಹೊರಗುಳಿದ ಆಸ್ತಿಯನ್ನು ಟ್ರಸ್ಟಿಗೆ ಸೇರಿಸಲೆಂದು ಜೊತೆಗೊಂದು ಉಯಿಲು ಬರೆಸುವುದು ರೂಢಿಯಲ್ಲಿದೆ, ನಿಜ. ಆದರೆ ಅಂಥ ದೊಡ್ಡ ಆಸ್ತಿಯೂ ಸಾಮಾನ್ಯವಾಗಿ ಪ್ರೊಬೇಟ್ ದಾಟಿಯೇ ಟ್ರಸ್ಟಿಗೆ ಬರಬೇಕಾಗುತ್ತದೆ.

ನಿವೃತ್ತಿ ಖಾತೆಗಳ ಮಾತು ಬೇರೆ. 401(ಕೆ), ಐಆರ್‌ಎ ಮತ್ತು ಜೀವವಿಮೆಯ ಹಣ ಅವುಗಳಲ್ಲೇ ನಮೂದಿಸಿದ ನಾಮಿನಿಗೆ ನೇರವಾಗಿ ಸಲ್ಲುತ್ತದೆ. ಐಆರ್‌ಎ ಖಾತೆಯನ್ನು ಬದುಕಿರುವಾಗಲೇ ಟ್ರಸ್ಟಿನ ಹೆಸರಿಗೆ ವರ್ಗಾಯಿಸಹೊರಟರೆ ಹಣವನ್ನು ಹಿಂಪಡೆದಂತೆಯೇ ಪರಿಗಣಿಸಿ ತೆರಿಗೆ ಹಾಕಲಾಗುತ್ತದೆ. ಚಿಕ್ಕ ಮಕ್ಕಳಿರುವವರು ತಮ್ಮ ನಂತರ ಮಕ್ಕಳನ್ನು ನೋಡಿಕೊಳ್ಳುವ ಪಾಲಕರನ್ನು ಹೆಸರಿಸಬೇಕಾದದ್ದು ಉಯಿಲಿನಲ್ಲಿ. ಟ್ರಸ್ಟ್ ಇದೆಯೆಂದು ಉಯಿಲನ್ನು ಕೈಬಿಡಬಾರದು.

ಈ ಟ್ರಸ್ಟಿನಿಂದ ತೆರಿಗೆ ಉಳಿಯುತ್ತದೆ, ಸಾಲ ಕೊಟ್ಟವರು ಆಸ್ತಿಯನ್ನು ಮುಟ್ಟಲಾರರು ಎಂಬ ಮಾತುಗಳೂ ಕೇಳಿಬರುತ್ತವೆ. ಎರಡೂ ತಪ್ಪು. ರದ್ದುಪಡಿಸುವ ಅಧಿಕಾರ ನಿಮ್ಮ ಕೈಯಲ್ಲಿರುವವರೆಗೆ ಆ ಆಸ್ತಿ ನಿಮ್ಮದೇ ಎಂದು ಕಾನೂನು ನೋಡುತ್ತದೆ, ಆದಾಯವೂ ನಿಮ್ಮ ರಿಟರ್ನ್‌ನಲ್ಲೇ ಸೇರುತ್ತದೆ.

ಊರಿನಲ್ಲೂ ನಿವೇಶನವೋ ಜಮೀನೋ ಇರುವವರಿಗೆ ಇನ್ನೊಂದು ತೊಡಕಿದೆ. ಭಾರತದ ಸ್ಥಿರಾಸ್ತಿಗೆ ಭಾರತದ ಕಾನೂನೇ ಅನ್ವಯಿಸುವುದರಿಂದ ಹಲವರು ಅದಕ್ಕೆ ಪ್ರತ್ಯೇಕ ಉಯಿಲು ಬರೆದಿಟ್ಟಿರುತ್ತಾರೆ. ಆಮೇಲೆ ಅಮೆರಿಕದಲ್ಲಿ ಟ್ರಸ್ಟಿನ ಜೊತೆ ಬರೆಸುವ ಉಯಿಲಿನ ಮೊದಲ ಸಾಲುಗಳಲ್ಲೇ 'ಈ ಹಿಂದಿನ ನನ್ನ ಎಲ್ಲ ಉಯಿಲುಗಳನ್ನು ರದ್ದುಪಡಿಸಿದ್ದೇನೆ' ಎಂಬ ಸಿದ್ಧವಾಕ್ಯ ಇರುತ್ತದೆ. ಅದನ್ನು ಓದದೆ ಸಹಿ ಹಾಕಿದರೆ ಭಾರತದ ಉಯಿಲೂ ಬಿದ್ದುಹೋಗಬಹುದು. ಆದ್ದರಿಂದ ಅಮೆರಿಕದ ವಕೀಲರಿಗೆ ಭಾರತದ ಉಯಿಲಿನ ಪ್ರತಿಯನ್ನು ಮೊದಲೇ ತೋರಿಸಿ, ಆ ವಾಕ್ಯ ಅಮೆರಿಕದ ಆಸ್ತಿಗೆ ಮಾತ್ರ ಸೀಮಿತವೆಂದು ಬರೆಸಿಕೊಳ್ಳಬೇಕೆಂದು ಓದುಗರಲ್ಲಿ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕ್ಯಾಲಿಫೋರ್ನಿಯಾದ ಓದುಗ