ಡೈವಿಂಗ್‌ಗೆ ಹೊರಟ ಮಗಳಿಗೊಂದು ಪತ್ರ

ಮಲ್ಪೆ

ಪ್ರೀತಿಯ ಮಗಳೇ,

ಮಾಲ್ಡೀವ್ಸ್‌ನಲ್ಲಿ ಡೈವಿಂಗ್‌ ಬೋಟ್ ಬುಕ್ ಮಾಡಿದ್ದೀಯಂತೆ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಇರುತ್ತಾಳೆ, ಶಾರ್ಕ್ ಎಂದರೆ ಮಾತು ಮುಗಿಯಿತು. ಅದಕ್ಕೇ ಈ ಕಾಗದ.

ನಾನು ಹೋದದ್ದು ಫೆಬ್ರವರಿಯಲ್ಲಿ. ಆಗ ಈಶಾನ್ಯದ ಗಾಳಿ. ಹೊರಗಡಲಿನ ತಿಳಿನೀರು ಅಟಾಲ್‌ಗಳ, ಅಂದರೆ ಬಳೆಯಾಕಾರದ ಹವಳದ ದಿಬ್ಬಗಳ, ಪೂರ್ವದ ಕಂಡಿಗಳಿಂದ ಒಳಗೆ ಬರುತ್ತದೆ. ಪಶ್ಚಿಮಕ್ಕೆ ಹೊರಹೋಗುವಾಗ ಅದರಲ್ಲಿ ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಸಣ್ಣ ಜೀವಿಗಳು, ತುಂಬಿಕೊಂಡಿರುತ್ತವೆ. ಹಾಗಾಗಿ ಶಾರ್ಕ್ ಪೂರ್ವದಲ್ಲಿ, ಪ್ಲಾಂಕ್ಟನ್ ತಿನ್ನುವ ಚಪ್ಪಟೆ ಮೈಯ ದೊಡ್ಡ ಮೀನು ಮಾಂಟಾ ಪಶ್ಚಿಮದಲ್ಲಿ. ನೀನು ಹೋಗುವುದು ಆಗಸ್ಟಿನಲ್ಲಿ, ಆಗ ಎಲ್ಲ ಉಲ್ಟಾ. ಬಾ ಅಟಾಲ್‌ನ ಹನಿಫಾರು ಕೊಲ್ಲಿಗೆ ಬೋಟ್ ಹೋಗುತ್ತದಾ ಕೇಳು. ಮಾಂಟಾಗಳು ಗುಂಪಾಗಿ ಮೇಯಲು ಬರುವ ಕಾಲ ಅದು. ಅಲ್ಲಿ ಸಿಲಿಂಡರ್ ಕಟ್ಟಿಕೊಂಡು ಇಳಿಯುವ ಹಾಗಿಲ್ಲ, ಉಸಿರಿನ ಕೊಳವೆ ಕಚ್ಚಿಕೊಂಡು ಮೇಲೆ ತೇಲುವ ಸ್ನಾರ್ಕೆಲ್ ಮಾತ್ರ.

ಭಯ ಆಗಲಿಲ್ವಾ ಅಂತ ಕೇಳಿದ್ದೆಯಲ್ಲ. ನೀರಿಗೆ ಹಾರುವ ತನಕ ಆಯಿತು. ಕಂಡಿಯ ಬಾಯಲ್ಲಿ ಬರೀ ಬಂಡೆಗೆ ಕೊಕ್ಕೆ ಸಿಕ್ಕಿಸಿ, ಹಗ್ಗ ಹಿಡಿದು ಸೆಳೆತದಲ್ಲಿ ತೂಗುತ್ತಿದ್ದೆವು. ಕೊಕ್ಕೆಯನ್ನು ಹವಳಕ್ಕೆ ಮಾತ್ರ ಹಾಕಬೇಡ ಮಾರಾಯ್ತಿ. ಎದುರಿಗೆ ಬೂದು ರೀಫ್ ಶಾರ್ಕ್‌ಗಳು ಸೆಳೆತಕ್ಕೆ ಮುಖ ಕೊಟ್ಟು ನಿಂತಲ್ಲೇ ನಿಂತಿದ್ದವು, ಬಾಲ ಆಡಿದ್ದೂ ಕಾಣದಷ್ಟು ಆರಾಮಾಗಿ. ಮೀನು ಇಳಿಸುವ ಧಕ್ಕೆಗೆ ಐಸ್ ಹಾಕುತ್ತಾ ಬದುಕಿದವನು ನಾನು. ನಮಗೆ ತಾಟೆ, ಅಂದರೆ ಶಾರ್ಕ್, ಬುಟ್ಟಿಯಲ್ಲಿ ಬಾಯಿ ಕಳೆದು ಬಿದ್ದಿರುವ ಮೀನು ಅಷ್ಟೇ. ಇಲ್ಲಿ ಅವು ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸ್ವಲ್ಪ ಅವಮಾನವೇ ಆಯಿತು ಅನ್ನು. ಆ ದೇಶದಲ್ಲಿ 2010ರಲ್ಲೇ ಶಾರ್ಕ್ ಹಿಡಿಯುವುದಕ್ಕೆ ನಿಷೇಧ ತಂದಿದ್ದರು.

ಮಾಂಟಾ ನಮ್ಮ ತೊರಕೆ ಮೀನಿನ (ರೇ) ಬಳಗವೇ, ಆದರೆ ಬಾಲದಲ್ಲಿ ಕುಟುಕುವ ಮುಳ್ಳಿಲ್ಲ. ಹವಳದ ದಿಬ್ಬಕ್ಕೆ ಬಂದು ತೇಲುತ್ತದೆ. ಬೆರಳುದ್ದದ ಮೀನುಗಳು ಅದರ ಮೈ, ಕಿವಿರು ಎಲ್ಲ ಚೊಕ್ಕ ಮಾಡುತ್ತವೆ. ನಾವು ದಿಬ್ಬದ ಅಂಚಿನಲ್ಲಿ ತಗ್ಗಿ ಕಾಯಬೇಕು. ದಿಬ್ಬದ ಮೇಲೆ ಹೋದರೆ ನಮ್ಮ ಉಸಿರಿನ ಗುಳ್ಳೆ ಕಂಡು ಹೊರಟುಬಿಡುತ್ತದೆ. ನಮ್ಮಲ್ಲೊಬ್ಬ ಕ್ಯಾಮೆರಾ ಹಿಡಿದು ಹಿಂದೆ ಬಿದ್ದ, ಅದು ಒಂದು ಸಲ ರೆಕ್ಕೆ ಬಡಿದು ಮಾಯ. ಮರುದಿನ ಅವನೂ ಸುಮ್ನೆ ಕೂತ. ಆಗ ಬಂದದ್ದು ನನ್ನ ತಲೆಯ ಮೇಲೆಯೇ ತಿರುಗಿತು, ನಮ್ಮ ಅಂಗಳದ ಚಪ್ಪರದಷ್ಟು ಅಗಲ. ಹೊಟ್ಟೆಯ ಫೋಟೊ ತೆಗೆ. ಆ ಚುಕ್ಕೆಗಳು ಒಂದರ ಹಾಗೆ ಇನ್ನೊಂದಕ್ಕೆ ಇರುವುದಿಲ್ಲ, ಅದರಿಂದಲೇ ಸಂಶೋಧಕರು ಗುರುತು ಹಿಡಿಯುವುದು. ಬಂಗುಡೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಇದು ವರ್ಷದಷ್ಟು ಕಾಲ ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಅದೂ ವರ್ಷ ವರ್ಷ ಅಲ್ಲ. ಇಂಥದ್ದನ್ನೂ ಕಿವಿರಿನ ಆಸೆಗೆ ಹಿಡಿದು ಮಾರುವವರಿದ್ದಾರೆ.

ಒಂದು ವಿಷಯ ಮಾತ್ರ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ರಾತ್ರಿ ಬೋಟಿನ ಹಿಂಭಾಗದಲ್ಲಿ ಜೋರು ಲೈಟ್ ಹಾಕುತ್ತಾರೆ. ಬೆಳಕಿಗೆ ಪ್ಲಾಂಕ್ಟನ್ ಸೇರುತ್ತದೆ, ಅದನ್ನು ತಿನ್ನಲು ತಿಮಿಂಗಿಲ ಶಾರ್ಕ್ ಬರುತ್ತದೆ. ಮೀನುಗಳಲ್ಲೆಲ್ಲ ದೊಡ್ಡದು, ಬಾಯಿ ತೆರೆದು ನೀರು ಸೋಸುತ್ತಾ ನಮ್ಮ ಏಣಿಯ ಪಕ್ಕದಲ್ಲೇ ಹೋಯಿತು. ನೋಡಿ ಕುಣಿದೆ, ಸುಳ್ಳು ಯಾಕೆ. ಆದರೆ ಇಲ್ಲಿ ಬೆಳಕು ಹಾಕಿ ಮೀನು ಸೇರಿಸಿ ಹಿಡಿಯುವ ಲೈಟ್ ಫಿಶಿಂಗ್ ಬೇಡ ಅಂತ ನಾಡದೋಣಿಯವರ ಜೊತೆ ನಿಂತವನು ನಾನು. ಅಲ್ಲಿ ಬಲೆ ಇಲ್ಲ ನಿಜ, ಆದರೂ ಊಟಕ್ಕೆ ಕರೆದು ಫೋಟೊ ಹೊಡೆಯುವುದು ಅಂದರೆ ಎಂತದೋ ಒಂಥರಾ. ನೀನು ನೋಡಿ ಬಂದು ಹೇಳು.

ವಾಪಸ್ ಟಿಕೆಟ್ ಕೊನೆಯ ಡೈವ್ ಆದ ಮರುದಿನಕ್ಕೆ ಮಾಡು. ಮೈಯಲ್ಲಿ ಸೇರಿದ ನೈಟ್ರೋಜನ್ ಇಳಿಯಬೇಕು, 24 ಗಂಟೆ ಬಿಟ್ಟು ವಿಮಾನ ಹತ್ತಿದರೆ ಒಳ್ಳೆಯದು. ಮೇಲೆ ಬರುವಾಗ 5 ಮೀಟರಿನಲ್ಲಿ 3 ನಿಮಿಷ ನಿಲ್ಲುವುದನ್ನು ತಪ್ಪಿಸಬೇಡ. ವಾಂತಿ ಮಾತ್ರೆ ಬೋಟ್ ಹೊರಡುವ ಮೊದಲೇ ತಗೊ.

ಶಾರ್ಕ್‌ಗಳು ತುಂಬಾ ದೂರದಲ್ಲಿದ್ದವು ಅಂತ ಅಮ್ಮನಿಗೆ ಹೇಳಿದ್ದೇನೆ. ನೀನೂ ಹಾಗೇ ಹೇಳು.

ನಿನ್ನ,
ಅಪ್ಪ