ಕಲಾವಿದರು ಬಂದು ಹೋದರೆ ಸಾಲದು, ಮಕ್ಕಳ ಜೊತೆ ಇರಬೇಕು

ಮಾನ್ಯ ಸಂಪಾದಕರೇ,

ನಗರಗಳ ಬಡ ಬಡಾವಣೆಗಳ ಮಕ್ಕಳಿಗೆ ಕಲೆ ಕಲಿಸುವ ಸಂಸ್ಥೆಗಳ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಸುದ್ದಿ ಬರುತ್ತದೆ. ಒಂದು ಫೋಟೋ, ಬಣ್ಣ ಮೆತ್ತಿದ ಕೈಗಳು, ಕೆಳಗೆ ನಾಲ್ಕು ಸಾಲು. ಓದಿದರೆ ಖುಷಿಯಾಗುತ್ತದೆ, ನಿಜ. ಆದರೆ ಮರುವಾರ ಆ ಮಕ್ಕಳ ಜೊತೆ ಯಾರಿದ್ದರು ಅನ್ನೋದು ಎಲ್ಲೂ ಬರುವುದಿಲ್ಲ. ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದೇ ಅಲ್ಲಿ. ಅದಕ್ಕೇ ಈ ಪತ್ರ.

ನಾನು ಹೇಳುತ್ತಿರುವುದು ರೆಸಿಡೆಂಟ್ ಆರ್ಟಿಸ್ಟ್ ಪದ್ಧತಿ ಬಗ್ಗೆ. ಸಂಸ್ಥೆ ಒಬ್ಬ ಕಲಾವಿದರಿಗೆ ಜಾಗ ಕೊಡುತ್ತದೆ, ತಿಂಗಳಿಗಿಷ್ಟು ಅಂತ ಹಣ ಕೊಡುತ್ತದೆ. ಅವರು ಅಲ್ಲೇ ತಮ್ಮ ಕೆಲಸ ಮಾಡುತ್ತಾರೆ. ಸುತ್ತಮುತ್ತಲಿನ ಹುಡುಗ ಹುಡುಗಿಯರು ಶಾಲೆ ಬಿಟ್ಟ ಮೇಲೆ ಬಂದು ಅವರ ಜೊತೆ ಕೈ ಹಾಕುತ್ತಾರೆ. ಒಂದು ದಿನದ ವರ್ಕ್‌ಶಾಪ್‌ಗೂ ಇದಕ್ಕೂ ತುಂಬಾ ವ್ಯತ್ಯಾಸವಿದೆ. ವರ್ಕ್‌ಶಾಪ್‌ನಲ್ಲಿ ಮಕ್ಕಳ ಕಣ್ಣಿಗೆ ಬೀಳುವುದು ಪಳಗಿದ ಕೈ, ತಪ್ಪೇ ಆಗದ ಗೆರೆ. ದಿನಾ ಜೊತೆಗಿದ್ದಾಗ ಕಾಣುವುದು ಬೇರೆ. ದೊಡ್ಡವರೊಬ್ಬರು ಬೇಸರದಿಂದ ಬ್ರಷ್ ಕೆಳಗಿಟ್ಟು ಸುಮ್ನೆ ಕೂರುವುದು, ಬಾಕಿ ಹಣಕ್ಕಾಗಿ ಫೋನಿನಲ್ಲಿ ಪದೇ ಪದೇ ಕೇಳುವುದು, ಮಾಡಿದ್ದನ್ನೆಲ್ಲ ಕೆಡವಿ ಮತ್ತೆ ಶುರು ಮಾಡುವುದು, ಎಲ್ಲವನ್ನೂ ಮಕ್ಕಳು ನೋಡುತ್ತಾರೆ.

ನಾನು ಚಿತ್ರಕಲೆ ಹೇಳಿಕೊಡುವವಳು. ನನ್ನ ಬಳಿ ಬರುತ್ತಿದ್ದ ಒಬ್ಬಳು ಹುಡುಗಿ, ಗೆರೆ ಸ್ವಲ್ಪ ಸೊಟ್ಟಗಾದರೂ ಹಾಳೆ ಹರಿಯುವ ತನಕ ರಬ್ಬರ್ ಉಜ್ಜುತ್ತಿದ್ದಳು, ಆಮೇಲೆ ಉಂಡೆ ಮಾಡಿ ಎಸೆದು "ನಂಗೆ ಬರಲ್ಲ ಮಿಸ್" ಅಂದುಬಿಡುತ್ತಿದ್ದಳು. ನಾನು ಎಷ್ಟು ಸಮಾಧಾನ ಹೇಳಿದರೂ ಅಷ್ಟೇ. ಅದೇ ಕೋಣೆಯ ಆ ಮೂಲೆಯಲ್ಲಿ ಒಬ್ಬ ಕಲಾವಿದೆ ಕೆಲಸ ಮಾಡುತ್ತಿದ್ದರು. ಒಂದು ಸಂಜೆ ಅವರು ವಾರಗಟ್ಟಲೆ ಕೂತು ಮಾಡಿದ್ದ ಕ್ಯಾನ್ವಾಸ್ ಮೇಲೆ ದಪ್ಪ ಬ್ರಷ್‌ನಲ್ಲಿ ಬಿಳಿ ಬಣ್ಣ ಎಳೆಯಲು ಶುರು ಮಾಡಿದರು. ಹುಡುಗಿ ಎದ್ದು ಹೋಗಿ ಪಕ್ಕದಲ್ಲಿ ನಿಂತಳು. "ಅಕ್ಕಾ, ಚೆನ್ನಾಗೇ ಇತ್ತಲ್ಲ, ಯಾಕೆ ಅಳಿಸ್ತಿದ್ದೀರಾ?" "ಸರಿಯಾಗಿ ಕೂತಿರಲಿಲ್ಲ ಕಣೇ, ಇನ್ನೊಂದ್ಸಲ ನೋಡ್ತೀನಿ" ಅಂದರು, ಅಷ್ಟೇ, ತಿರುಗಿ ಕೂಡ ನೋಡಲಿಲ್ಲ. ಅದಾದ ಮೇಲೆ ಆ ಹುಡುಗಿ ಹಾಳೆ ಉಂಡೆ ಮಾಡುವುದು ಕಡಿಮೆಯಾಯಿತು. ಹಿಂದೆ ತಿರುಗಿಸಿ ಆ ಬದಿಯಲ್ಲಿ ಬರೆಯುತ್ತಿದ್ದಳು. ಇದನ್ನು ಯಾವ ಪಾಠದಲ್ಲೂ ಕಲಿಸಲು ಆಗುವುದಿಲ್ಲ, ಆ ಹೊತ್ತಿಗೆ ಇಬ್ಬರೂ ಒಂದೇ ಕೋಣೆಯಲ್ಲಿ ಇರಬೇಕು.

ಈ ದಾರಿಯಲ್ಲಿ ನಡೆದವರ ಉದಾಹರಣೆಗಳು ಅಮೆರಿಕದಲ್ಲಿ ಸಾಕಷ್ಟಿವೆ. ಪಿಟ್ಸ್‌ಬರ್ಗ್‌ನ ಬಿಲ್ ಸ್ಟ್ರಿಕ್‌ಲ್ಯಾಂಡ್ ಹೈಸ್ಕೂಲಿನಲ್ಲಿದ್ದಾಗ, 1963ರಲ್ಲಿ, ಶಾಲೆಯ ಕೋಣೆಯೊಂದರಲ್ಲಿ ಫ್ರಾಂಕ್ ರಾಸ್ ಎಂಬ ಕಲಾ ಶಿಕ್ಷಕರು ಚಕ್ರದ ಮೇಲೆ ಮಣ್ಣಿನ ಪಾತ್ರೆ ಎಬ್ಬಿಸುವುದನ್ನು ನೋಡಿದರು. ಅಲ್ಲಿಂದ ಅವರ ಬದುಕೇ ತಿರುಗಿತು. 1968ರಲ್ಲಿ, ಇನ್ನೂ ಕಾಲೇಜು ಓದುತ್ತಿದ್ದಾಗಲೇ, ತಾವು ಬೆಳೆದ ಮ್ಯಾಂಚೆಸ್ಟರ್ ಎಂಬ ಬಡಾವಣೆಯಲ್ಲಿ ಮ್ಯಾಂಚೆಸ್ಟರ್ ಕ್ರಾಫ್ಟ್ಸ್‌ಮೆನ್ಸ್ ಗಿಲ್ಡ್ ಶುರು ಮಾಡಿ ಅಲ್ಲಿನ ಮಕ್ಕಳಿಗೆ ಕುಂಬಾರಿಕೆ ಕಲಿಸಲು ನಿಂತರು. ಗಮನಿಸಿ, ಆ ಶಿಕ್ಷಕರು ಮೊದಲು ಮಾಡಿದ್ದು ಭಾಷಣ ಅಲ್ಲ. ತಮ್ಮ ಪಾಡಿಗೆ ಪಾತ್ರೆ ಮಾಡುತ್ತಿದ್ದರು.

ಬೋಸ್ಟನ್ನಿನ ಕಥೆ ನನಗೆ ಇನ್ನೂ ಇಷ್ಟ. ಸೂಸನ್ ರಾಜರ್ಸನ್ ಎಂಬ ಕಲಾವಿದೆ ಶಾಲೆಯೊಂದರ ಮಕ್ಕಳ ಜೊತೆ ಸೇರಿ ದೊಡ್ಡದೊಂದು ಚಿತ್ರ ಮಾಡಿದರು. ಕೆಲಸ ಮುಗಿಯಿತು, ಸಾಮಾನ್ಯವಾಗಿ ಎಲ್ಲ ಕಡೆ ಕಥೆ ಅಲ್ಲಿಗೇ ಮುಗಿಯುತ್ತದೆ. ಆದರೆ ಕೆಲವು ಮಕ್ಕಳು ಅವರ ಸ್ಟುಡಿಯೋ ಹುಡುಕಿಕೊಂಡು ಬಂದರು, ಮುಂದೇನು ಮಾಡೋಣ ಅಂತ. ಹಾಗೆ 1991ರಲ್ಲಿ ಹುಟ್ಟಿದ್ದು ಆರ್ಟಿಸ್ಟ್ಸ್ ಫಾರ್ ಹ್ಯುಮಾನಿಟಿ. ಅಲ್ಲಿ ಹದಿಹರೆಯದವರು ಶಾಲೆ ಮುಗಿಸಿ ಬಂದು ವೃತ್ತಿಪರ ಕಲಾವಿದರ ಜೊತೆ ಕೆಲಸ ಮಾಡುತ್ತಾರೆ, ಮತ್ತು ಅದಕ್ಕೆ ಸಂಬಳ ಪಡೆಯುತ್ತಾರೆ. ಹೊರಗಿನವರು ಆರ್ಡರ್ ಕೊಡುತ್ತಾರೆ. ಹೇಳಿದ ದಿನಕ್ಕೆ ಕೆಲಸ ಕೊಡಬೇಕು, ಗಿರಾಕಿ ತಿದ್ದಲು ಹೇಳಿದರೆ ತಿದ್ದಬೇಕು. ಆ ಮೊದಲ ಮಕ್ಕಳಲ್ಲೊಬ್ಬರಾದ ರಾಬ್ ಗಿಬ್ಸ್ ಇವತ್ತು ಬೋಸ್ಟನ್ನಿನ ಹೆಸರಾಂತ ಗೋಡೆಚಿತ್ರ ಕಲಾವಿದರು.

ಸಂಬಳದ ಮಾತು ಬಂದಾಗ ಕೆಲವರು ಮುಖ ಸಿಂಡರಿಸುತ್ತಾರೆ. ಉಚಿತವಾಗಿ ಕಲಿಸುತ್ತಿದ್ದೇವೆ, ಮೇಲೆ ದುಡ್ಡು ಬೇರೆ ಕೊಡಬೇಕಾ ಅಂತ. ಕೊಡಬೇಕು. ಹದಿನಾರು ವರ್ಷದ ಹುಡುಗ ಸಂಜೆ ಎರಡು ಗಂಟೆ ಎಲ್ಲೋ ಕೂಲಿ ಮಾಡಿ ಮನೆಗೆ ಹಣ ತರಬೇಕಾಗಿರುತ್ತದೆ. ಹುಡುಗಿಯಾದರೆ ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಾಗಿರುತ್ತದೆ. ಅವರು ನಮ್ಮಲ್ಲಿಗೆ ಬಂದರೆ ಆ ಸಂಪಾದನೆ, ಆ ಕೆಲಸ ತಪ್ಪುತ್ತದೆ. ಉಚಿತ ಅಂತ ನಾವು ಅಂದುಕೊಂಡಿದ್ದು ಅವರ ಮನೆಗೆ ಉಚಿತ ಅಲ್ಲವೇ ಅಲ್ಲ. ಬಸ್ ಚಾರ್ಜ್, ಹೊಟ್ಟೆಗೆ ಒಂದಿಷ್ಟು, ಕತ್ತಲಾದ ಮೇಲೆ ಮನೆ ಸೇರುವ ವ್ಯವಸ್ಥೆ, ಬೇಕಾದರೆ ಪುಟ್ಟ ತಂಗಿಯನ್ನೂ ಕರೆತಂದು ಮೂಲೆಯಲ್ಲಿ ಕೂರಿಸಿಕೊಳ್ಳುವ ಅವಕಾಶ, ಇವೂ ಬೇಕು. ಎಷ್ಟೋ ಕಾರ್ಯಕ್ರಮಗಳಿಗೆ ಮಕ್ಕಳು ಬರುವುದನ್ನು ನಿಲ್ಲಿಸುವುದು ಇಂಥವು ಇಲ್ಲದ ಕಾರಣಕ್ಕೆ. ಆಮೇಲೆ ಆಸಕ್ತಿ ಇಲ್ಲ ಅಂತ ದೂರುತ್ತೇವೆ, ಅದು ಅನ್ಯಾಯ.

ಲಾಸ್ ಏಂಜಲಿಸ್‌ನ ಗ್ರೇಟ್ ವಾಲ್ ಬಗ್ಗೆ ಹೇಳಲೇಬೇಕು. ಜೂಡಿ ಬಾಕಾ ಎಂಬ ಕಲಾವಿದೆ 1976ರ ಬೇಸಿಗೆಯಲ್ಲಿ, ಪ್ರವಾಹದ ನೀರು ಹರಿದುಹೋಗಲು ಕಟ್ಟಿದ ದೊಡ್ಡ ಕಾಂಕ್ರೀಟ್ ಕಾಲುವೆಯ ಗೋಡೆ ಮೇಲೆ ಕ್ಯಾಲಿಫೋರ್ನಿಯಾದ ಚರಿತ್ರೆ ಬಿಡಿಸಲು ಶುರು ಮಾಡಿದರು. ಮೊದಲ ತಂಡದಲ್ಲಿ 80 ಹುಡುಗ ಹುಡುಗಿಯರು, ಬಹಳಷ್ಟು ಜನ ಪೊಲೀಸ್ ಕೇಸುಗಳಲ್ಲಿ ಸಿಕ್ಕಿಬಿದ್ದವರು. ಮಳೆಗಾಲದಲ್ಲಿ ಕಾಲುವೆಯಲ್ಲಿ ನೀರು ಬರುವುದರಿಂದ ಬೇಸಿಗೆಯಲ್ಲಷ್ಟೇ ಕೆಲಸ. ಹೀಗೆ ನಡುನಡುವೆ ನಿಲ್ಲುತ್ತಾ ಐದು ಬೇಸಿಗೆ ನಡೆಯಿತು, 1983ರವರೆಗೆ. ಕೊನೆಗೆ ಅರ್ಧ ಮೈಲಿ ಉದ್ದದ ಚಿತ್ರ ಆಯಿತು, 400ಕ್ಕೂ ಹೆಚ್ಚು ಯುವಜನ ಅದರಲ್ಲಿ ಕೈಜೋಡಿಸಿದ್ದರು. ಸುಮ್ನೆ ಬಣ್ಣ ತುಂಬಿದ್ದಲ್ಲ. ಇತಿಹಾಸಕಾರರೂ ತಂಡದಲ್ಲಿದ್ದರು, ಶಾಲೆಯ ಪುಸ್ತಕದಲ್ಲಿ ಜಾಗ ಸಿಗದ ತಮ್ಮದೇ ಜನರ ಕಥೆಗಳು ಗೋಡೆಗೆ ಬಂದವು. ತನ್ನ ಅಜ್ಜನ ಕಾಲದಲ್ಲಿ ನಡೆದದ್ದನ್ನು ತಾನೇ ಅಷ್ಟು ದೊಡ್ಡದಾಗಿ ಬಿಡಿಸಿದ ಹುಡುಗನಿಗೆ ಆ ಗೋಡೆ ಏನಾಗಿರಬಹುದು ಯೋಚಿಸಿ.

ಗೋಡೆಗೆ ಚಿತ್ರ ಬರಲು ಎಲ್ಲರೂ ಅಟ್ಟಣಿಗೆ ಹತ್ತಬೇಕಾಗಿಯೂ ಇಲ್ಲ. ಫಿಲಡೆಲ್ಫಿಯಾದಲ್ಲಿ ಗೋಡೆ ಮೇಲೆ ಗೀಚುತ್ತಿದ್ದ ಹುಡುಗರನ್ನೇ ಸೇರಿಸಿಕೊಂಡು 1984ರಲ್ಲಿ ಶುರುವಾದ ಮ್ಯೂರಲ್ ಆರ್ಟ್ಸ್ ಎಂಬ ಗೋಡೆಚಿತ್ರ ಸಂಸ್ಥೆಯವರು ತೆಳು ಬಟ್ಟೆಯ ತುಂಡುಗಳಲ್ಲಿ ಗೆರೆ ಎಳೆದು, ಯಾವ ಜಾಗಕ್ಕೆ ಯಾವ ಬಣ್ಣ ಅಂತ ನಂಬರ್ ಬರೆದು ಹಂಚುತ್ತಾರೆ. ಮೇಜಿನ ಮೇಲೆ ಹರಡಿಕೊಂಡು ಯಾರು ಬೇಕಾದರೂ ತುಂಬಬಹುದು. ಕೊನೆಗೆ ಎಲ್ಲ ತುಂಡುಗಳನ್ನೂ ಗೋಡೆಗೆ ಅಂಟಿಸುತ್ತಾರೆ. ಆದರೆ ನನ್ನದೊಂದು ಅಭಿಪ್ರಾಯ, ನಂಬರ್ ತುಂಬುವುದರಲ್ಲೇ ಮಕ್ಕಳನ್ನು ನಿಲ್ಲಿಸಬಾರದು. ಏನು ಬಿಡಿಸಬೇಕು ಅನ್ನುವ ಮಾತುಕತೆಗೂ ಅವರನ್ನು ಕೂರಿಸಬೇಕು. ಹ್ಯೂಸ್ಟನ್ನಿನ ಕಲಾವಿದ ರಿಕ್ ಲೋವ್ ಅವರ ಸ್ಟುಡಿಯೋಗೆ ಬಂದ ಹೈಸ್ಕೂಲ್ ಹುಡುಗನೊಬ್ಬ, ನಮ್ಮ ಕಷ್ಟವನ್ನು ನೀವು ನಮಗೇ ತೋರಿಸಬೇಕಾಗಿಲ್ಲ, ಕಲಾವಿದರಾದರೆ ಪರಿಹಾರ ಹುಡುಕಬಾರದೇ ಎಂಬರ್ಥದಲ್ಲಿ ಕೇಳಿದ್ದನಂತೆ. ಆ ಪ್ರಶ್ನೆ ಲೋವ್ ಅವರನ್ನು ಬಿಡಲಿಲ್ಲ. 1993ರಲ್ಲಿ ಅವರು ಮತ್ತು ಗೆಳೆಯ ಕಲಾವಿದರು ಪಾಳುಬಿದ್ದಿದ್ದ 22 ಪುಟ್ಟ ಮನೆಗಳನ್ನು ರಿಪೇರಿ ಮಾಡಿ ಪ್ರಾಜೆಕ್ಟ್ ರೋ ಹೌಸಸ್ ಕಟ್ಟಿದರು. ಕಲಾವಿದರಿಗೆ ಜಾಗ, ಆಮೇಲೆ ಎಳೆ ಪ್ರಾಯದ ತಾಯಂದಿರಿಗೆ ವಾಸ, ಎಲ್ಲ ಅಲ್ಲೇ. ಕಲಿಸಲು ಕೂತವರೇ ಕಲಿತರು, ಅಲ್ವಾ?

ಇನ್ನು ದಾನಿಗಳ ವಿಷಯ. ಅವರಿಗೆ ವರ್ಷದ ಕೊನೆಗೆ ಲೆಕ್ಕ ಬೇಕು, ಎಷ್ಟು ಮಕ್ಕಳು ಅಂತ. ಇಪ್ಪತ್ತು ಮಕ್ಕಳ ಜೊತೆ ಎರಡು ವರ್ಷ ಕೂತ ಸಂಸ್ಥೆಗಿಂತ ಸಾವಿರ ಮಕ್ಕಳಿಗೆ ಒಂದೊಂದು ಗಂಟೆ ಕೊಟ್ಟ ಸಂಸ್ಥೆಗೆ ಹಣ ಬೇಗ ಸಿಗುತ್ತದೆ. ಕಲಾವಿದರ ಜೊತೆ ಒಪ್ಪಂದ ವರ್ಷಕ್ಕೇ ಮುಗಿಯುತ್ತದೆ. ಮೊದಲ ಕೆಲವು ತಿಂಗಳು ಮಕ್ಕಳು ಅವರನ್ನು ಅಳೆದು ನೋಡುವುದರಲ್ಲೇ ಹೋಗಿರುತ್ತದೆ, ನಂಬಿಕೆ ಬರುವ ಹೊತ್ತಿಗೆ ಗಂಟುಮೂಟೆ ಕಟ್ಟುವ ಸಮಯ. ಎಷ್ಟೋ ಜನ ಬಂದು ಹೋಗುವುದನ್ನು ನೋಡಿರುವ ಮಗುವಿಗೆ ಇದು ಇನ್ನೊಂದು ಪೆಟ್ಟು. ನಿಲ್ಲಲು ಆಗದಿದ್ದರೆ ಶುರು ಮಾಡದಿರುವುದೇ ಮೇಲು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಪ್ರಯೋಜನ ಏನು ಅಂತ ಕೇಳುವವರಿಗೆ ಒಂದು ಮಾಹಿತಿ. ಕಲೆಗೆ ನೆರವು ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸಂಶೋಧಕ ಜೇಮ್ಸ್ ಕ್ಯಾಟರಾಲ್ ಮತ್ತು ಜೊತೆಗಾರರು, ಬಡ ಮನೆಗಳ ಮಕ್ಕಳಲ್ಲಿ ಕಲೆಯ ಒಡನಾಟ ಜಾಸ್ತಿ ಇದ್ದವರು ಓದಿನಲ್ಲೂ ಮುಂದಿದ್ದರು ಅಂತ ತೋರಿಸಿದ್ದಾರೆ. ಕಲೆಯಿಂದಲೇ ಹಾಗಾಯಿತು ಅಂತ ಅದರಿಂದ ಹೇಳಲು ಬರುವುದಿಲ್ಲ, ಮೊದಲೇ ಚುರುಕಾಗಿದ್ದವರು ಕಲೆಗೆ ಬಂದಿರಬಹುದು. ಆದರೆ ಒಂದು ಮಧ್ಯಾಹ್ನದ ವರ್ಕ್‌ಶಾಪ್‌ಗೆ ಒಡನಾಟ ಅನ್ನಲು ಆಗುವುದಿಲ್ಲ. "ಈ ಮಕ್ಕಳು ಅಪರಾಧದ ದಾರಿ ಹಿಡಿಯದಂತೆ ಉಳಿಸಿದೆವು" ಅನ್ನುವ ವರದಿಗಳು ಮಾತ್ರ ನನಗೆ ನೋವು ಕೊಡುತ್ತವೆ. ಅನುಕೂಲಸ್ಥರ ಮಗು ವಯಲಿನ್ ಕಲಿತರೆ ಸಂಗೀತ ಕಲಿಯಿತು ಅನ್ನುತ್ತೇವೆ. ಬಡವರ ಮಗು ಕಲಿತರೆ ಜೈಲು ತಪ್ಪಿಸಿಕೊಂಡಿತು ಅನ್ನುತ್ತೇವೆ. ಆ ಮಗುವೂ ಚಿತ್ರ ಬಿಡಿಸುವುದು ಖುಷಿಗೆ, ಚೆನ್ನಾಗಿ ಬರಲಿ ಅನ್ನುವ ಹಟಕ್ಕೆ.

ಹಾಗಾಗಿ ಪತ್ರಿಕೆಗೆ ನನ್ನ ಕೋರಿಕೆ. ಮುಂದೆ ಇಂಥ ಕಾರ್ಯಕ್ರಮದ ವರದಿಗೆ ಹೋದಾಗ ನಿಮ್ಮ ವರದಿಗಾರರು ಕೇಳಲಿ: ಕಲಾವಿದರು ಇಲ್ಲಿ ಎಷ್ಟು ದಿನ ಇರುತ್ತಾರೆ, ಅವರಿಗೆ ಸರಿಯಾದ ಹಣ ಸಿಗುತ್ತಿದೆಯಾ, ಮಕ್ಕಳಿಗೆ ಏನು ಕೊಡುತ್ತೀರಿ, ಈ ಚಿತ್ರದ ವಿಷಯ ಆರಿಸಿದವರು ಯಾರು. ಒಂದು ವರ್ಷ ಬಿಟ್ಟು ಮತ್ತೆ ಹೋಗಿ ಬರೆಯಲಿ. ಹಾಗೇ ಚಿತ್ರ ಅಚ್ಚು ಮಾಡುವಾಗ, ಮಕ್ಕಳೂ ಮನೆಯವರೂ ಒಪ್ಪಿದರೆ, ಉದ್ಘಾಟನೆ ಮಾಡಿದವರ ಹೆಸರಿಗಿಂತ ಮೊದಲು ಬಿಡಿಸಿದ ಮಕ್ಕಳ ಹೆಸರು ಹಾಕಿ.

ಇಂತಿ ನಿಮ್ಮ,
ಒಬ್ಬ ಚಿತ್ರಕಲಾ ಶಿಕ್ಷಕಿ