ಮರಿಯಾನ್ ಕೇಳಿದ 2000 ಪೌಂಡ್

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಜೇನ್ ಆಸ್ಟಿನ್ ಬರೆದ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' ಕಾದಂಬರಿ ಓದಿ ಮುಗಿಸಿದೆ ಎಂದು ತಿಳಿದು ಖುಷಿಯಾಯಿತು. ಆದರೆ "ಅಕ್ಕ ಎಲಿನರ್ ಬರೀ ಲೆಕ್ಕದವಳು, ಪ್ರೀತಿ ಅಂದರೆ ತಂಗಿ ಮರಿಯಾನ್‌ದು" ಎಂದು ಬರೆದಿದ್ದೀಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಅದರ ಕೆಳಗೇ ನೀನು ಮದುವೆಯಾಗಬೇಕು ಅಂದುಕೊಂಡಿರುವ ಹುಡುಗನ ಸುದ್ದಿ ಇದೆ. "ನಾವಿಬ್ಬರೂ ದುಡ್ಡಿನ ಮಾತೇ ಎತ್ತುವುದಿಲ್ಲ ದೊಡ್ಡಮ್ಮಾ" ಎಂದಿದ್ದೀಯ. ಈ ಎರಡಕ್ಕೂ ಸೇರಿಸಿಯೇ ಉತ್ತರ ಬರೆಯುತ್ತಿದ್ದೇನೆ.

17ನೇ ಅಧ್ಯಾಯ ಇನ್ನೊಮ್ಮೆ ತೆಗೆದು ನೋಡು. ಸುಖಕ್ಕೂ ಸಿರಿಗೂ ಏನು ಸಂಬಂಧ ಎಂದು ಮರಿಯಾನ್ ಕೇಳುತ್ತಾಳೆ. ದೊಡ್ಡಸ್ತಿಕೆಗೆ ಅಷ್ಟಿಲ್ಲ, ದುಡ್ಡಿಗೆ ಬೇಕಾದಷ್ಟಿದೆ ಎನ್ನುತ್ತಾಳೆ ಎಲಿನರ್. ಮರಿಯಾನ್‌ಗೆ ಬೇಸರವಾಗುತ್ತದೆ. ಹೊಟ್ಟೆ ಬಟ್ಟೆಗೆ ಆದರೆ ಆಯಿತು, ಅದಕ್ಕಿಂತ ಹೆಚ್ಚಿನದರಿಂದ ಸುಖ ಬರುವುದಿಲ್ಲ ಎಂಬುದು ಅವಳ ವಾದ. ಸರಿ, ನಿನಗೆ ಎಷ್ಟಾದರೆ ಸಾಕು ಎಂದರೆ ವರ್ಷಕ್ಕೆ 1800ರಿಂದ 2000 ಪೌಂಡ್ ಎನ್ನುತ್ತಾಳೆ! ಎಲಿನರ್ ನಕ್ಕುಬಿಡುತ್ತಾಳೆ. ಅವಳ ಪ್ರಕಾರ 1000 ಪೌಂಡ್ ಇದ್ದರೆ ಅದೇ ಶ್ರೀಮಂತಿಕೆ. ತಂಗಿಯ 'ಸಾಕು' ಅಕ್ಕನ ಸಿರಿಯ ಎರಡರಷ್ಟು. ಆಳುಕಾಳು, ಒಂದು ಸಾರೋಟು, ಬೇಕಾದರೆ ಎರಡು, ಬೇಟೆಗೆ ಕುದುರೆಗಳು, ಇಷ್ಟಿಲ್ಲದೆ ಸಂಸಾರ ನಡೆಯುವುದಿಲ್ಲ ಎಂದು ಅವಳು ಮನಸಾರೆ ನಂಬಿದ್ದಾಳೆ. ಆಗ ಆ ತಾಯಿ ಮತ್ತು ಮೂವರು ಹೆಣ್ಣುಮಕ್ಕಳು ಸೇರಿ ಬದುಕುತ್ತಿದ್ದದ್ದು ವರ್ಷಕ್ಕೆ 500 ಪೌಂಡಿನಲ್ಲಿ.

ಮರಿಯಾನ್ ಕೆಟ್ಟವಳಲ್ಲ, ಸುಳ್ಳು ಹೇಳುವವಳೂ ಅಲ್ಲ. ಅವಳ ಮನಸ್ಸಿನಲ್ಲಿ ಒಂದು ಅಂಕಿ ಇತ್ತು, ಇದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ದುಡ್ಡು ಮುಖ್ಯವಲ್ಲ ಎನ್ನುವ ಎಷ್ಟೋ ಜನರ ಕಥೆ ಇದೇ. ನಿನ್ನ ಮನಸ್ಸಿನಲ್ಲೂ ಒಂದು ಅಂಕಿ ಇರುತ್ತದೆ ಪುಟ್ಟಿ, ಆ ಹುಡುಗನ ಮನಸ್ಸಿನಲ್ಲೂ ಇರುತ್ತದೆ. ಮದುವೆಗೆ ಮುಂಚೆ ಎರಡನ್ನೂ ಹೊರಗೆ ತನ್ನಿ.

ಮರಿಯಾನ್ ಮನಸೋತ ವಿಲ್ಲೊಬಿಯ ವಿಷಯಕ್ಕೆ ಬರುತ್ತೇನೆ. ಅವನ ಆದಾಯ ವರ್ಷಕ್ಕೆ 600-700 ಪೌಂಡ್, ಖರ್ಚು ಅದಕ್ಕಿಂತ ಜಾಸ್ತಿ. ಆದರೂ ಮರಿಯಾನ್‌ಗೆ ಕುದುರೆ ಉಡುಗೊರೆ ಕೊಡಲು ಹೊರಡುತ್ತಾನೆ, ಅವಳು ಕುಣಿದಾಡಿಬಿಡುತ್ತಾಳೆ. ಕುದುರೆ ನೋಡಿಕೊಳ್ಳಲು ಆಳು ಬೇಕು, ಆ ಆಳಿಗೆ ಇನ್ನೊಂದು ಕುದುರೆ ಬೇಕು, ಕಟ್ಟಲು ಲಾಯ ಬೇಕು ಎಂದು ಹೇಳಬೇಕಾಗುವುದು ಎಲಿನರ್‌ಗೆ. ಕೊನೆಗೆ ಅವನು 50,000 ಪೌಂಡ್ ತರುವ ಹುಡುಗಿಯನ್ನು ಕಟ್ಟಿಕೊಂಡ. ಅವನಿಗೆ ಪ್ರೀತಿ ಇರಲಿಲ್ಲ ಎನ್ನಬೇಡ. ಮರಿಯಾನ್ ಜ್ವರದಲ್ಲಿ ಸಾವು ಬದುಕಿನ ನಡುವೆ ಇದ್ದಾಳೆಂದು ಕೇಳಿ ರಾತ್ರಿ ಓಡಿಬಂದು ಎಲಿನರ್ ಮುಂದೆ ಎಲ್ಲ ಹೇಳಿಕೊಳ್ಳುತ್ತಾನಲ್ಲ, ಆ ಸಂಕಟ ನಿಜ. ಸಾಲವೂ ನಿಜ. ಪ್ರೀತಿಯಿದ್ದೂ ಕೈಬಿಟ್ಟವನು ಅವನು. ಇನ್ನೊಬ್ಬ ಹುಡುಗಿಯ ಬಾಳು ಹಾಳು ಮಾಡಿ ಬಂದವನು ಎಂಬುದನ್ನೂ ಮರೆಯಬಾರದು.

ನನಗೆ ಹೆಚ್ಚು ಕಾಡುವವಳು ಆ ಅಕ್ಕತಂಗಿಯರ ತಾಯಿ. ಇಬ್ಬರಿಗೂ ನಿಶ್ಚಯವಾಗಿದೆಯಾ ಎಂದು ಮರಿಯಾನ್‌ಳನ್ನೇ ನೇರವಾಗಿ ಕೇಳಿಬಿಡು ಎಂದು ಎಲಿನರ್ ಹೇಳುತ್ತಾಳೆ. ಏನು ಕೊಟ್ಟರೂ ಅಂಥ ಪ್ರಶ್ನೆ ಕೇಳಲಾರೆ ಎನ್ನುತ್ತಾಳೆ ತಾಯಿ. ಮಗಳ ಮನಸ್ಸು ನೋಯಬಾರದೆಂಬ ಮರ್ಯಾದೆ ಅದು. ಆ ಮರ್ಯಾದೆಗೆ ಮಗಳು ಕೊಟ್ಟ ಬೆಲೆ ಏನೆಂದು ನೀನೇ ಓದಿದ್ದೀಯ.

ಹಾಗೆಂದು ನೀನು ಎಲಿನರ್ ಆಗು ಎಂದೂ ನಾನು ಹೇಳುವುದಿಲ್ಲ. ಅವಳು ಪ್ರೀತಿಸಿದ ಎಡ್ವರ್ಡ್‌ಗೆ ಬೇರೆ ಹುಡುಗಿಯ ಜೊತೆ ಗುಟ್ಟಾಗಿ ನಿಶ್ಚಯವಾಗಿದೆ ಎಂದು ಆ ಹುಡುಗಿಯೇ ಬಂದು ಹೇಳಿದ ಮೇಲೆ, ಎಲಿನರ್ 4 ತಿಂಗಳು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ಕೊಟ್ಟ ಮಾತು ಅಂತ ನುಂಗಿಕೊಂಡಳು. ಆ ಗಟ್ಟಿತನಕ್ಕೆ ಕೈ ಮುಗಿಯುತ್ತೇನೆ, ಆದರೆ ನನ್ನ ಮಗಳು ಅಷ್ಟು ನೋವು ಒಬ್ಬಳೇ ಹೊರುವುದು ನನಗೆ ಬೇಡ. ಅಂಥದ್ದೇನಾದರೂ ಆದರೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ಬರೆದವಳೇ ದುಡ್ಡಿನ ಕಡೆ ಎಂದುಕೊಳ್ಳಬೇಡ. 1802ರಲ್ಲಿ ದೊಡ್ಡ ಆಸ್ತಿಯ ವಾರಸುದಾರನೊಬ್ಬ ಕೇಳಿದಾಗ ಜೇನ್ ಆಸ್ಟಿನ್ ಸಂಜೆ ಹೂಂ ಅಂದು, ಬೆಳಿಗ್ಗೆ ಬೇಡ ಎಂದವಳು. 1805ರಲ್ಲಿ ತಂದೆ ಹೋದ ಮೇಲೆ ತಾಯಿ, ಅಕ್ಕ, ಇವಳು ಅಣ್ಣತಮ್ಮಂದಿರ ಸಹಾಯದಲ್ಲೇ ಇರಬೇಕಾಯಿತು. 1809ರಲ್ಲಿ ಒಬ್ಬ ಅಣ್ಣ ಚಾಟನ್ ಎಂಬ ಹಳ್ಳಿಯಲ್ಲಿ ಮನೆ ಕೊಟ್ಟ. 1811ರಲ್ಲಿ ಈ ಕಾದಂಬರಿ ಅಚ್ಚಾದಾಗ ಲೇಖಕಿಯ ಹೆಸರು ಇರಲಿಲ್ಲ, 'ಒಬ್ಬ ಮಹಿಳೆ' ಎಂದಷ್ಟೇ ಇತ್ತು. ನಷ್ಟವಾದರೆ ತಾನೇ ತುಂಬುವ ಷರತ್ತಿನ ಮೇಲೆ ಅಚ್ಚು ಮಾಡಿಸಿದ್ದಳು. ಮೊದಲ ಮುದ್ರಣದಿಂದ 140 ಪೌಂಡ್ ಲಾಭ ಬಂತು. ಇಂಥವಳು ದುಡ್ಡಿನ ಬಗ್ಗೆ ಬರೆದರೆ ಕೇಳಬೇಕು ಅಲ್ವಾ?

ಎರಡನೇ ಅಧ್ಯಾಯ ಅವಳು ಬರೆದದ್ದರಲ್ಲೇ ನನಗೆ ಅತಿ ಇಷ್ಟ. ಸಾಯುವ ತಂದೆಗೆ ತಂಗಿಯರನ್ನು ನೋಡಿಕೊಳ್ಳುತ್ತೇನೆ ಎಂದು ಎಲಿನರ್, ಮರಿಯಾನ್ ಅವರ ಮಲಅಣ್ಣ ಜಾನ್ ಮಾತು ಕೊಟ್ಟಿರುತ್ತಾನೆ. ಒಟ್ಟು 3000 ಪೌಂಡ್ ಕೊಡುವ ಯೋಚನೆ ಅವನದು. ಹೆಂಡತಿ ಫ್ಯಾನಿ ಮಾತಾಡುತ್ತಾ ಹೋದ ಹಾಗೆ ಅದು ಅರ್ಧವಾಗಿ, ಆಮೇಲೆ ತಾಯಿಗೆ ವರ್ಷಕ್ಕೆ 100 ಆಗಿ, ಆಮೇಲೆ ಆಗೊಮ್ಮೆ ಈಗೊಮ್ಮೆ 50 ಆಗಿ, ಕೊನೆಗೆ ಕಾಲಕಾಲಕ್ಕೆ ಮೀನು ಕಳಿಸಿದರೆ ಆಯಿತು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಯಾರೂ ಜಗಳವಾಡುವುದಿಲ್ಲ, ಯಾರೂ ದನಿ ಎತ್ತುವುದಿಲ್ಲ. ಆ ಹೆಣ್ಣುಮಕ್ಕಳ ಕೈಯಲ್ಲಿ ಕಾಗದಪತ್ರ ಏನೂ ಇರಲಿಲ್ಲ. ಕರ್ನಾಟಕದಲ್ಲಿ 1994ರಲ್ಲೇ ಕಾನೂನು ತಿದ್ದಿ ಪಿತ್ರಾರ್ಜಿತದಲ್ಲಿ, ಆಗ ಮದುವೆಯಾಗಿರದ ಹಿಂದೂ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟರು. ಹಾಗಾಗಿ ಮದುವೆಯ ಗಡಿಬಿಡಿಯಲ್ಲಿ ಯಾರಾದರೂ ಹಕ್ಕು ಬಿಡುಗಡೆ ಪತ್ರ ತಂದು "ಸುಮ್ನೆ ಒಂದು ಸಹಿ" ಎಂದರೆ, ಓದದೆ ಹಾಕಬೇಡ. ಸಂಬಳ ಬೀಳುವ ಖಾತೆ ನಿನ್ನ ಹೆಸರಲ್ಲೇ ಇರಲಿ.

ಆ ಗುಟ್ಟಿನ ನಿಶ್ಚಯ ಮುರಿದ ಮೇಲೆ ಎಲಿನರ್ ಮತ್ತು ಎಡ್ವರ್ಡ್ ಒಂದಾಗುವ ಜಾಗ ನೆನಪಿದೆಯಾ? ಅಷ್ಟು ಕಾದವರು, ಅಷ್ಟು ಪ್ರೀತಿಸಿದವರು. ಆದರೂ ವರ್ಷಕ್ಕೆ 350 ಪೌಂಡಿನಲ್ಲಿ ಸಂಸಾರ ಸಾಗುತ್ತದೆ ಎಂದು ಇಬ್ಬರೂ ಅಂದುಕೊಳ್ಳುವುದಿಲ್ಲ. ಅವನು ಹೋಗಿ ತಾಯಿಯ ಜೊತೆ ರಾಜಿ ಮಾಡಿಕೊಂಡು, 10,000 ಪೌಂಡ್ ಸಿಕ್ಕಿ, ಆಮೇಲೆ ಮದುವೆ. ಆ ಪುಟದಲ್ಲಿ ಅವರ ಪ್ರೀತಿ ನನಗೆ ಒಂದು ಚೂರೂ ಸಣ್ಣದಾಗಿ ಕಾಣಲಿಲ್ಲ.

ಮರಿಯಾನ್ ತಾಯಿ ಕೇಳದ್ದನ್ನು ನಾನು ಕೇಳುತ್ತೇನೆ. ನಿನ್ನ ಹುಡುಗನಿಗೆ ಸಾಲ ಎಷ್ಟಿದೆ, ಯಾರ ಹೆಸರಲ್ಲಿದೆ? ತಿಂಗಳಿಗೆ ಇಎಂಐ ಎಷ್ಟು ಹೋಗುತ್ತದೆ? ಅವನ ಅಪ್ಪ ಅಮ್ಮನಿಗೆ ಎಷ್ಟು ಕಳಿಸುತ್ತಾನೆ, ನೀನು ನಿನ್ನ ಅಮ್ಮನಿಗೆ ಕಳಿಸುವುದಕ್ಕೆ ಏನನ್ನುತ್ತಾನೆ? ಮಗು ಆಗಿ ನೀನು ಒಂದೆರಡು ವರ್ಷ ಕೆಲಸ ಬಿಟ್ಟರೆ ಮನೆ ಹೇಗೆ ನಡೆಯುತ್ತದೆ? ಇಬ್ಬರೂ ಕೂತು ಬರೆಯಿರಿ. ದೀಪಾವಳಿಗೆ ಅವನನ್ನೂ ಕರೆದುಕೊಂಡು ಬಾ. ನಿನ್ನ ಅಮ್ಮನಿಗೆ ನಾನೇ ಹೇಳುತ್ತೇನೆ, ಅದರ ಚಿಂತೆ ಬೇಡ.

ಇಂತಿ,
ನಿನ್ನ ದೊಡ್ಡಮ್ಮ